ಚೌಕಿನಲ್ಲಿ ತೂಗುಹಾಕಿದ ಮ್ಯಾನೇಜರಿಕೆ

ನನ್ನ ನಾದಿನಿ ಮನೀಷಾ ಕೂತಿದ್ದನ್ನು ನೋಡಿದವರು ಕಡಿಮೆ. ಊಟಕ್ಕೆ ಕೂತರೆ ಅರ್ಧದಲ್ಲಿ ಎದ್ದು ಉಪ್ಪಿನಕಾಯಿ ತರುತ್ತಾಳೆ. ಟಿವಿ ಮುಂದೆ ಕೂತರೆ ಅದರ ಹಿಂದಿನ ವೈರು ಸರಿಪಡಿಸುತ್ತಾಳೆ. ಬಸ್ಸಿನಲ್ಲಿ ಸೀಟು ಸಿಕ್ಕರೆ ಯಾರಾದರೂ ಮುದುಕಿಯನ್ನು ಹುಡುಕಿ ಕೂರಿಸಿ ತಾನು ನಿಲ್ಲುತ್ತಾಳೆ. ನಾನು ಬಸವಕಲ್ಯಾಣದಿಂದ ಗಡಿಯಾಚೆಯ ಉಮರ್ಗಾಕ್ಕೆ ಸೊಸೆಯಾಗಿ ಬಂದ ವಾರವೇ ನಮ್ಮತ್ತೆ ಭಾಗೀರಥಿಬಾಯಿ ನನ್ನನ್ನು ಎಚ್ಚರಿಸಿದ್ದರು: "ಈ ಹುಡುಗಿ ಕಾಲಾಗ ಗಾಲಿ ಅವ, ಮಂಗಲಾ. ನೀ ಆಕಿ ಬೆನ್ನ ಹತ್ತಬ್ಯಾಡ, ದಣೀತಿ." ನಾನು ಬೆನ್ನು ಹತ್ತಿದೆ, ದಣಿದೂ ದಣಿದೆ.

ನಮ್ಮ ಮನೆಯಲ್ಲಿ ಮಾತು ಕನ್ನಡ, ಶಾಲೆ ಮರಾಠಿ, ಜಗಳಕ್ಕೆ ಎರಡೂ. ಕನ್ನಡ ಬರೆಯಲು ಬರುವವಳು ನಾನೊಬ್ಬಳೇ ಆದ್ದರಿಂದ ಅವಳ ಕಥೆ ನನ್ನ ಪಾಲಿಗೆ ಬಂದಿದೆ. ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದು ಕಿರಾಣಿ ಅಂಗಡಿ. ಮಾವ ಶಾಂತವೀರಪ್ಪನವರೂ ನಮ್ಮ ಮನೆಯವರು ಕೈಲಾಸರೂ ಅದನ್ನು ನೋಡಿಕೊಳ್ಳುತ್ತಾರೆ. ಮನೀಷಾ ನಮ್ಮ ಮನೆಯವರ ತಂಗಿ.

ಮಾಕಣಿಯಲ್ಲಿ ನಮ್ಮ ಮಾವನ ತಂಗಿ ಶಿವಕಾಂತಮ್ಮನ ಮನೆ ಭೂಕಂಪದಲ್ಲಿ ಬಿತ್ತು. ಜೀವ ಉಳಿದವು, ಗೋಡೆ ಉಳಿಯಲಿಲ್ಲ. ಕೆಲವು ವರ್ಷಗಳ ಮೇಲೆ ಯಾವುದೋ ಸಂಸ್ಥೆಯವರು ಅಲ್ಲಿನ ಒಂದು ತಗಡಿನ ಶೆಡ್ಡಿನಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸಲು ಶುರು ಮಾಡಿದರು. ಮನೆ ಬಿದ್ದವರ ಮಕ್ಕಳಿಗೆ ಮಾತ್ರ. ಮನೀಷಾಳ ಮನೆ ಉಮರ್ಗಾದಲ್ಲಿ ಗಟ್ಟಿಯಾಗಿ ನಿಂತಿತ್ತು. ರಜೆಗೆ ಸೋದರತ್ತೆಯ ಊರಿಗೆ ಹೋದವಳು ಶೆಡ್ಡಿನ ಬಾಗಿಲಲ್ಲಿ ನಿಂತು, "ನಮ್ಮ ಮನಿನೂ ಬಿದ್ದದ ರೀ" ಎಂದು ಹೇಳಿ ಒಳಗೆ ಹೋದಳಂತೆ. ರಜೆ ಮುಗಿದರೂ ರವಿವಾರ ರವಿವಾರ ಬಸ್ಸು ಹತ್ತುತ್ತಿದ್ದಳು. ಮಾವನವರಿಗೆ ಗೊತ್ತಾದಾಗ, ನಿಂತ ಮನೆಯನ್ನು ಬಿದ್ದಿದೆ ಎಂದವಳ ಬಾಯಿಗೆ ಹೊಡೆಯಬೇಕು ಎಂದು ಕೂಗಾಡಿದರು. ಅವಳು ಎಲ್ಲ ಕೇಳಿಸಿಕೊಂಡು ಮುಂದಿನ ರವಿವಾರ ಮತ್ತೆ ಬಸ್ಸು ಹತ್ತಿದಳು.

ಉದಗೀರದಲ್ಲಿ ಡಿಪ್ಲೊಮಾ ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದಳು. ಕಂಪನಿ ಪುಣೆಯದು, ಉದಗೀರದಲ್ಲಿ ಅದರ ಶಾಖೆ. ರೈತರ ಮಾಲು ಮಾರಿಕೊಡುವ ಅಡತಿಯವರಿಗೆ, ಕಿರಾಣಿಯವರಿಗೆ, ಬಟ್ಟೆ ಅಂಗಡಿಯವರಿಗೆ ಲೆಕ್ಕದ ಸಾಫ್ಟ್‌ವೇರ್ ಮಾರುವುದು, ಅದು ಕೈಕೊಟ್ಟಾಗ ಓಡಿಹೋಗಿ ಸರಿಪಡಿಸುವುದು. ಕೂತು ಮಾಡುವ ಕೆಲಸವಲ್ಲ, ಹಾಗಾಗಿ ಅವಳಿಗೆ ಹಿಡಿಸಿತು. ಮದುವೆ ನಿಲಂಗಾಕ್ಕೆ ಆಯಿತು. ಗಂಡ ಗುರುಲಿಂಗ ಒಳ್ಳೆಯವನು, ಮಾತು ಕಡಿಮೆ. ಆ ಮನೆಯ ಮಾತೆಲ್ಲ ಅವನ ತಂದೆ ಮಾಣಿಕಪ್ಪನವರ ಪಾಲಿಗೇ ಹೋಗಿದೆ. ಅವರದು ಬಟ್ಟೆ ಅಂಗಡಿ. ಸೊಸೆ ಮೂರು ತಾಲೂಕಿನ ಅಂಗಡಿಗಳಿಗೆ ಕಂಪ್ಯೂಟರ್ ಹಾಕಿಕೊಟ್ಟರೂ ಅವರು ಮಾತ್ರ ಕಿವಿಯಲ್ಲಿ ಪೆನ್ಸಿಲ್ ಸಿಗಿಸಿಕೊಂಡು ಕೈಯಲ್ಲೇ ಬಿಲ್ಲು ಬರೆಯುತ್ತಿದ್ದರು. ಮನೀಷಾ ಬೆಳಗಿನ ಬಸ್ಸಿಗೆ ನಿಲಂಗಾದಿಂದ ಉದಗೀರ, ಸಂಜೆಯ ಬಸ್ಸಿಗೆ ಉದಗೀರದಿಂದ ನಿಲಂಗಾ.

ಶಾಖೆಯ ಮ್ಯಾನೇಜರ್ ಜಾಗ ಮೊದಲ ಸಲ ಖಾಲಿಯಾದಾಗ ಅವಳಿಗೇ ಸಿಗುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಆದರೆ ಪಂಡಿತ ಎಂಬ ಸಹೋದ್ಯೋಗಿಗೆ ಸಿಕ್ಕಿತು. ಅವನಿಗೆ ಆ ಕೆಲಸ ಕಲಿಸಿದವಳೇ ಇವಳು. ಅವನು ಪುಣೆಗೆ ವರ್ಗವಾಗಿ ಹೋದ ಮೇಲೆ ಆರೇಳು ತಿಂಗಳು ಇವಳೇ ಶಾಖೆ ನಡೆಸಿದಳು, ಹೆಸರಿಲ್ಲದೆ. ನಂತರ ಸೊಲ್ಲಾಪುರದಿಂದ ಒಬ್ಬನನ್ನು ತಂದು ಕೂರಿಸಿದರು. ಅವನಿಗೂ ಇವಳೇ ಕಲಿಸಿದಳು. ಕೇಳಿದರೆ ಪುಣೆಯವರದು ಒಂದೇ ಉತ್ತರ: ಮಾರ್ಕೆಟ್ಟಿನ ಮಂದಿ ಹಳೇ ಕಾಲದವರು, ಹೆಣ್ಣುಮಗಳ ಮಾತು ಕೇಳುವುದಿಲ್ಲ. ಆ ಹಳೇ ಕಾಲದ ಮಂದಿ ಕಂಪ್ಯೂಟರ್ ನಿಂತರೆ ಯಾರಿಗೆ ಫೋನು ಮಾಡುತ್ತಾರೆ ಎಂದು ಪುಣೆಯಲ್ಲಿ ಯಾರೂ ವಿಚಾರಿಸಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ.

ಪಂಚಮಿಗೆ ತವರಿಗೆ ಬಂದಾಗ ನಾನು ಶೇಂಗಾ ಸುಲಿಯುತ್ತಾ ಕೇಳುತ್ತಿದ್ದೆ. ಅವಳು ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಹೇಳುತ್ತಿದ್ದಳು. ಅಣ್ಣನ ಹೆಂಡತಿಯಾದ ನನ್ನನ್ನು ಅವಳು ಕರೆಯುವುದು ವೈನಿ ಎಂದು. "ನನಗ ಖುರ್ಚಿ ಹುಚ್ಚಿಲ್ಲ ವೈನಿ. ಆದ್ರ ಕೆಲಸ ಹಂಚೂದು ಬ್ಯಾರೆದವ್ರು, ಕೆಟ್ಟರ ಓಡೂದು ನಾನು. ಹೆಂಗ ಹಂಚಿದ್ರ ಕೆಡೂದಿಲ್ಲ ಅನ್ನೂದು ನನಗ ಗೊತ್ತದ. ಮಾಡಿ ತೋರಸ್ಲಿಕ್ಕ ಬಿಡವಲ್ರು."

ಜಿಎಸ್‌ಟಿ ಬಂದ ವರ್ಷ ಪೇಟೆಗೆ ಪೇಟೆಯೇ ಗಾಬರಿಯಾಗಿತ್ತು. ಸೊಲ್ಲಾಪುರದವನು ಅದೇ ಗದ್ದಲದಲ್ಲಿ ಬೇರೆ ಕಂಪನಿ ಸೇರಿದ. ಶಾಖೆ ಮತ್ತೆ ಮನೀಷಾಳ ತಲೆಗೆ ಬಿತ್ತು, ಮತ್ತೆ ಹೆಸರಿಲ್ಲದೆ. ಈ ಸಲ ಅವಳು ಯಾರನ್ನೂ ಕೇಳದೆ ತನಗೆ ತೋಚಿದಂತೆ ನಡೆಸಿದಳು. ಸಂಜೆಯ ಮೀಟಿಂಗನ್ನು ಬೆಳಿಗ್ಗೆಗೆ ತಂದಳು, ಬಸ್ಸಿಗೆ ಹೋಗುವವರು ಬಸ್ಸು ಹಿಡಿಯಲಿ ಎಂದು. ಮೀನಲ ಎಂಬ ಹೊಸ ಹುಡುಗಿಯನ್ನು ಟೇಬಲ್ಲಿನಿಂದ ಎಬ್ಬಿಸಿ ಅಂಗಡಿಗಳಿಗೆ ಕಳಿಸಿದಳು. ಮೊದಲ ತಿಂಗಳಲ್ಲೇ ಆ ಹುಡುಗಿ ಅಡತಿ ಕಾಶೆಪ್ಪನವರ ಅಂಗಡಿಯಲ್ಲಿ ಒಂದು ಇಡೀ ದಿನದ ಲೆಕ್ಕ ಅಳಿಸಿಬಿಟ್ಟಳು. ಮನೀಷಾ ಹೋಗಿ, "ತಪ್ಪ ನಂದು ರೀ" ಎಂದು ಹೇಳಿ ತೂಕದ ಚೀಟಿಗಳನ್ನೆಲ್ಲ ನೋಡಿ ಮತ್ತೆ ತುಂಬಿಕೊಟ್ಟಳು. ಮರುದಿನ ಅದೇ ಅಂಗಡಿಗೆ ಮೀನಲಳನ್ನೇ ಕಳಿಸಿದಳು.

"ನಿನ್ನಿ ಕೆಡಿಸಿದ ಹುಡುಗೀನಽ ಕಳಸೀಯಲ್ಲ?" ಎಂದು ಕಾಶೆಪ್ಪನವರು ಫೋನಿನಲ್ಲಿ ರೇಗಿದರು.

"ಎಲ್ಲಿ ಕೆಡ್ತದ ಅನ್ನೂದು ಈಗ ಆಕಿಗಿ ಗೊತ್ತದ ರೀ," ಎಂದಳು ಇವಳು.

ಮರುವರ್ಷ ಡಿಸೆಂಬರಿನಲ್ಲಿ ಪುಣೆಯಿಂದ ಕರೆ ಬಂತು. ಮ್ಯಾನೇಜರ್ ಜಾಗಕ್ಕೆ ಸಂದರ್ಶನ, ಸೋಮವಾರ ಬನ್ನಿ. ಕರೆದದ್ದು ಇಬ್ಬರನ್ನು: ಮನೀಷಾ, ಮತ್ತು ಅವಳಿಗಿಂತ ನಾಲ್ಕು ವರ್ಷ ಕಿರಿಯ ಅಂಬಣ್ಣ. ಅಂಬಣ್ಣ ಪಾಪದವನು. ಎಲ್ಲ ಅಂಗಡಿಗಳಲ್ಲೂ ಚಹಾ ಕುಡಿದು ಎಲ್ಲರಿಗೂ ಬೇಕಾದವನಾಗಿದ್ದ. "ಈ ಸಲ ಇಲ್ಲಂದ್ರ ಮುಗೀತು ವೈನಿ," ಎಂದು ಮನೀಷಾ ಫೋನಿನಲ್ಲಿ ಹೇಳಿದಳು. "ಇನ್ನೊಬ್ಬಂಗ ಕಲಸೂ ತಾಕತ್ತ ನನ್ನ ಕಡಿ ಇಲ್ಲ." ಹೇಳುವಾಗಲೂ ನಡೆಯುತ್ತಿದ್ದಳು, ಉಸಿರಿನಲ್ಲಿ ಕೇಳುತ್ತಿತ್ತು.

ಈಗ ನಮ್ಮ ಸೀಮೆಯ ಒಂದು ರೋಗದ ಬಗ್ಗೆ ಹೇಳಬೇಕು. ಅದರ ಹೆಸರು ಫ್ಲೆಕ್ಸು. ಹುಟ್ಟುಹಬ್ಬಕ್ಕೆ ಫ್ಲೆಕ್ಸು, ಪೊಲೀಸ್ ಕೆಲಸ ಸಿಕ್ಕರೆ ಫ್ಲೆಕ್ಸು, ಸೊಸಾಯಿಟಿಯ ಚುನಾವಣೆಯಲ್ಲಿ ಸೋತರೂ ಮತ ಕೊಟ್ಟವರಿಗೆ ಧನ್ಯವಾದದ ಫ್ಲೆಕ್ಸು. ಯಾವ ಚೌಕಿಗೆ ಹೋದರೂ ಕೈ ಮುಗಿದ ಗಂಡಸರು ಮೇಲಿನಿಂದ ನಮ್ಮನ್ನು ನೋಡುತ್ತಿರುತ್ತಾರೆ. ಇನ್ನೊಂದು ಮಾತೂ ಇದೆ. ಇಲ್ಲಿನ ಪುಢಾರಿಯನ್ನು ಮೇಲಿನವರು ಮುಂಬೈಗೆ ಕರೆದರು ಎಂದರೆ ಚುನಾವಣೆಯ ಟಿಕೆಟ್ ಆಯಿತು ಎಂದೇ ಅರ್ಥ. ಅವನು ಬಸ್ಸು ಇಳಿಯುವ ಮೊದಲೇ ಇಲ್ಲಿ ಫ್ಲೆಕ್ಸು ಏರಿರುತ್ತದೆ. ಮಾಣಿಕಪ್ಪನವರಿಗೆ ಗೊತ್ತಿದ್ದದ್ದು ಈ ಲೆಕ್ಕ. ಸೊಸೆಯನ್ನು ಪುಣೆಗೆ ಕರೆದಿದ್ದಾರೆ ಎಂದು ಮಗನ ಬಾಯಿಂದ ಕೇಳಿದ್ದೇ ತಡ, ಎದ್ದು ಪ್ರಿಂಟಿಂಗಿನವನ ಹತ್ತಿರ ಹೋದರು.

ಶುಕ್ರವಾರ ಮಧ್ಯಾಹ್ನ ನಾನು ಕಾಯಿಪಲ್ಯ ತಂದು ಮನೆಗೆ ಬರುತ್ತಿದ್ದಾಗ ನಮ್ಮ ಮನೆಯವರು ಬಸ್ ಸ್ಟ್ಯಾಂಡಿನ ಎದುರಿನ ಕಂಬಕ್ಕೆ ಫ್ಲೆಕ್ಸಿನ ಹಗ್ಗ ಕಟ್ಟಿಸುತ್ತಿದ್ದರು. ನಿಲಂಗಾದ ಚೌಕಿಗೆ ಒಂದು, ತವರಿನ ಮಾನಕ್ಕೆ ಉಮರ್ಗಾಕ್ಕೆ ಇನ್ನೊಂದು ಎಂದು ಮಾಣಿಕಪ್ಪನವರು ಎರಡು ಮಾಡಿಸಿದ್ದರು. ನಾನು ತಲೆ ಎತ್ತಿ ನೋಡಿದೆ. ಮರಾಠಿಯಲ್ಲಿ ದೊಡ್ಡದಾಗಿ ಹಾರ್ದಿಕ ಅಭಿನಂದನೆ, ಮ್ಯಾನೇಜರ್ ಹುದ್ದೆಗೆ ಆಯ್ಕೆಯಾದ ಪ್ರಯುಕ್ತ. ನಡುವೆ ರುಮಾಲು ಸುತ್ತಿದ ಮಾಣಿಕಪ್ಪನವರು. ಅವರ ಎಡಕ್ಕೆ ನಮ್ಮ ಮಾವ, ಬಲಕ್ಕೆ ಗುರುಲಿಂಗ, ನಮ್ಮ ಮನೆಯವರು, ಮೇಲೆ ಇಬ್ಬರು ಸ್ವಾಮಿಗಳು, ಕೆಳಗೆ ಸಾಲಾಗಿ ಬಟ್ಟೆ ವ್ಯಾಪಾರಿಗಳ ಸಂಘದವರು. ಮನೀಷಾಳನ್ನು ಹುಡುಕಬೇಕಾಯಿತು. ಮೂಲೆಯಲ್ಲಿ, ಒಂದು ಕಂಪ್ಯೂಟರಿನ ಚಿತ್ರದ ಪಕ್ಕ, ಮದುವೆಯ ಫೋಟೋದಿಂದ ಕತ್ತರಿಸಿ ಅಂಟಿಸಿದ ಮುಖ. ತಲೆಯ ಮೇಲೆ ಸೆರಗು, ಭುಜದ ಮೇಲೆ ಯಾರದೋ ಅರ್ಧ ಕೈ.

"ಆದೇಶ ಬಂದದೇನ್ರಿ?" ಎಂದು ಕೇಳಿದೆ.

"ಪುಣೆಕ್ಕ ಕರ್ದಾರಲ್ಲ," ಎಂದರು ನಮ್ಮ ಮನೆಯವರು.

"ಕೇಳ್ಲಿಕ್ಕ ಕರ್ದಾರ. ಕೊಡ್ಲಿಕ್ಕಲ್ಲ. ಇಳಸ್ರಿ ಮೊದ್ಲ."

ಅವರು ನನ್ನ ಮುಖ ನೋಡಿದರು, ಕಂಬ ನೋಡಿದರು. ಚೀಲ ಅವರ ಕೈಗೆ ಕೊಟ್ಟು ನಾನೇ ಹಗ್ಗ ಬಿಚ್ಚಿದೆ. ಆದರೆ ನಿಲಂಗಾದ ಫ್ಲೆಕ್ಸು ಬೆಳಗಿನಿಂದಲೇ ತೂಗುತ್ತಿತ್ತು. ಅದರ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿ, ಉದಗೀರದ ಮಾರ್ಕೆಟ್ಟು ಸುತ್ತಿ, ಸಂಜೆಯೊಳಗೆ ಪುಣೆ ಸೇರಿತು. ಪುಣೆಯ ಸಾಹೇಬರು ಮನೀಷಾಳಿಗೆ ಫೋನು ಮಾಡಿ, ಆಯ್ಕೆ ಮಾಡುವವರು ನಾವೋ ನಿಮ್ಮ ಊರಿನ ಚೌಕೋ ಎಂದು ಕೇಳಿದರು. ಒತ್ತಡ ಹಾಕುವ ಪದ್ಧತಿ ನಮ್ಮಲ್ಲಿ ನಡೆಯುವುದಿಲ್ಲ ಎಂದೂ ಹೇಳಿದರು. ಅವಳಿಗೆ ಫ್ಲೆಕ್ಸಿನ ಸುದ್ದಿ ಗೊತ್ತಾದದ್ದೇ ಆ ಫೋನಿನಿಂದ.

ಶನಿವಾರ ಬೆಳಗಿನ ಬಸ್ಸಿಗೆ ನಾನು ಕಾಸಾರಶಿರಸಿ ಮೇಲೆ ಹಾಯ್ದು ನಿಲಂಗಾಕ್ಕೆ ಹೋದೆ. ಮನೆಯಲ್ಲಿ ಮಾವ, ಸೊಸೆ ಎದುರುಬದುರು ನಿಂತಿದ್ದರು.

"ಮಾಮಾ, ಅದನ್ನ ಇಳಸ್ರಿ. ನನ್ನ ಜಾಗಾ ಹೋಗ್ತದ," ಎನ್ನುತ್ತಿದ್ದಳು ಮನೀಷಾ.

"ಹಾಕಿದ್ದು ಇಳಸಿದ್ರ ಮಂದಿ ಏನಂತಾರ? ಸೊಸಿ ನೌಕರಿ ಹೋತು ಅಂತಾರ. ನಾಕ ಮಂದ್ಯಾಗ ನನ್ನ ಮಾನ ಅದ. ಇರ್ಲಿ ಬಿಡು, ಹೆಂಗೂ ಆಗೂದಽ ಅದ." ಮಾಣಿಕಪ್ಪನವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಸಂತೋಷದಿಂದ ಮಾಡಿದ ಕೆಲಸಕ್ಕೆ ಸೊಸೆ ಹೀಗೇಕೆ ಉರಿಯುತ್ತಾಳೆ ಎಂದು ಅವರ ಮುಖದಲ್ಲಿ ನೋವೇ ಇತ್ತು. ನಾನು ಅವರನ್ನು ನೋಡಿ ಮರುಗಿದೆನೇ ಎಂದರೆ, ಆವತ್ತು ಇಲ್ಲ.

ಗುರುಲಿಂಗ ಗೋಡೆ ನೋಡುತ್ತಾ ನಿಂತಿದ್ದ. ಮನೀಷಾ ಚಪ್ಪಲಿ ಹಾಕಿಕೊಂಡು ಚೌಕಿಗೆ ನಡೆದಳು, ಎಲೆಕ್ಟ್ರಿಕ್ ಅಂಗಡಿಯವನ ಹತ್ತಿರ ಏಣಿ ಕೇಳಿದಳು. ಸೆರಗು ಸೊಂಟಕ್ಕೆ ಸಿಗಿಸಿ ಹತ್ತಿದಳು. ಶನಿವಾರದ ಪೇಟೆ, ಚಹಾದಂಗಡಿಯವರೆಲ್ಲ ಹೊರಗೆ ಬಂದು ನಿಂತರು. ಏಣಿ ಅಲುಗಿತು. ನಾನು ಓಡಿಹೋಗಿ ಅದರ ಒಂದು ಕಾಲು ಹಿಡಿದೆ. ಇನ್ನೊಂದು ಕಾಲನ್ನು ಯಾರೋ ಆಗಲೇ ಹಿಡಿದಿದ್ದರು. ನೋಡಿದರೆ ಮನೀಷಾಳ ಅತ್ತೆ ಲಲಿತಾಬಾಯಿ. ಅಷ್ಟು ವರ್ಷಗಳಲ್ಲಿ ಆ ಹೆಣ್ಣುಮಗಳು ನನ್ನೊಂದಿಗೆ ಆರಾಮಿದ್ದೀರಾ ಎಂಬುದಕ್ಕಿಂತ ಹೆಚ್ಚು ಮಾತಾಡಿದ್ದಿಲ್ಲ. ಫ್ಲೆಕ್ಸು ಕೆಳಗೆ ಬಿದ್ದ ಮೇಲೆ ಅದನ್ನು ಸೀರೆ ಮಡಚಿದಂತೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋದರು.

ಆವತ್ತಿನಿಂದ ಮಾಣಿಕಪ್ಪನವರು ಸೊಸೆಯ ಜೊತೆ ಮಾತು ಬಿಟ್ಟರು. ಮಾತೇ ಉಸಿರಾದವರು ಮಾತು ಬಿಟ್ಟರೆ ಮನೆ ಹೇಗಿರುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಪುಣೆಗೆ ಗುರುಲಿಂಗ ಬರುತ್ತೇನೆ ಎಂದ. "ಬ್ಯಾಡ, ವೈನಿ ಬರ್ತಾರ," ಎಂದಳು ಮನೀಷಾ. ಸೋಮವಾರ ಆ ಗಾಜಿನ ಕಟ್ಟಡದಲ್ಲಿ ನಾನು, ಅವಳು, ಅಂಬಣ್ಣ ಮೂವರೂ ಒಂದೇ ಸೋಫಾದ ಮೇಲೆ ಕೂತೆವು. ಅಂದರೆ ನಾನು, ಅಂಬಣ್ಣ ಕೂತೆವು. ಅವಳು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆದಳು. ಅಂಬಣ್ಣನಿಗೆ ಹಸಿವಾಗಿತ್ತು, ನಾನು ತಂದಿದ್ದ ಚುರುಮುರಿ ಕೊಟ್ಟೆ. ಎದುರಾಳಿಗೆ ಉಣಿಸುತ್ತಿದ್ದೇನೆ ಎಂದು ಒಳಗೊಳಗೇ ಬೇಜಾರಾಯಿತು, ಆದರೆ ಹಸಿದವನಿಗೆ ಇಲ್ಲ ಎನ್ನುವುದು ಹೇಗೆ?

ಒಳಗೆ ನಡೆದದ್ದನ್ನು ಅವಳೇ ಆಮೇಲೆ ನನಗೆ ಹೇಳಿದಳು. ಮೂವರಿದ್ದರಂತೆ, ಅವರಲ್ಲಿ ಒಬ್ಬರು ಹೆಂಗಸು. ಆ ಹೆಂಗಸೇ ಮೊದಲು ಕೇಳಿದ್ದು: "ನಾಳೆ ಶಾಖೆಯಲ್ಲಿ ಒಂದು ನಿರ್ಧಾರ ತೆಗೆದುಕೊಳ್ಳಬೇಕಾದರೆ ನೀವು ತೆಗೆದುಕೊಳ್ಳುತ್ತೀರೋ, ನಿಮ್ಮ ಮಾವನವರೋ?"

"ಅದನ್ನು ಹಾಕಿದ್ದು ಮಾವನವರು," ಎಂದಳಂತೆ ಮನೀಷಾ. "ಇಳಿಸಿದ್ದು ನಾನು. ಊರಿನ ಎದುರು, ಏಣಿ ಹತ್ತಿ. ಶಾಖೆ ನಡೆಸುತ್ತಿರುವ ನನ್ನನ್ನು ನೀವು ಮೊದಲೇ ಮ್ಯಾನೇಜರ್ ಎಂದಿದ್ದರೆ ನನಗೆ ಆ ಏಣಿ ಬೇಕಾಗುತ್ತಿರಲಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಸಾಹೇಬರು ಒಂದು ದಾರಿ ಹೇಳಿದರು. ಅಂಬಣ್ಣ ಮ್ಯಾನೇಜರ್ ಆಗಲಿ, ಹೊರಗಿನದು, ವ್ಯಾಪಾರಿಗಳದು ನೋಡಿಕೊಳ್ಳಲಿ. ನೀವು ಹಿರಿಯರು, ಒಳಗಿನದನ್ನೆಲ್ಲ ನೀವು ನಡೆಸಿ. ಪಗಾರ ಇಬ್ಬರಿಗೂ ಹೆಚ್ಚು. ಮನೀಷಾ, ಪೂರಾ ಕೊಡುವುದಾದರೆ ನನಗೆ ಕೊಡಿ, ಇಲ್ಲವಾದರೆ ಅಂಬಣ್ಣನಿಗೇ ಪೂರಾ ಕೊಡಿ, ಆದರೆ ಅವನಿಗೆ ನಾನು ಕಲಿಸುವುದಿಲ್ಲ, ನಾಳೆಯಿಂದ ಬರುವುದೂ ಇಲ್ಲ ಎಂದು ಹೇಳಿ ಎದ್ದು ಬಂದಳು. "ಕಳಕೊಂಡೆ ವೈನಿ," ಎಂದಳು. ಅಷ್ಟು ವರ್ಷದ ಓಡಾಟ ಒಂದು ಮಾತಿನಲ್ಲಿ ಮುಗಿದಿತ್ತು.

ಆಮೇಲೆ ಅಂಬಣ್ಣನನ್ನು ಕರೆದರು. ಒಳಗಿನ ಕೆಲಸ ಯಾರು ಮಾಡಬೇಕು ಎಂದು ಕೇಳಿದ್ದಕ್ಕೆ, "ಮನೀಷಾಕ್ಕ" ಎಂದನಂತೆ. ವ್ಯಾಪಾರಿಗಳ ಹತ್ತಿರ ಕೆಲಸ ಕೆಟ್ಟರೆ ಯಾರನ್ನು ಕಳಿಸುತ್ತೀರಿ ಎಂದಾಗಲೂ, "ಮನೀಷಾಕ್ಕ" ಎಂದನಂತೆ. ಹಾಗಾದರೆ ನೀವು ಏನು ಮಾಡುತ್ತೀರಿ ಎಂದು ಆ ಹೆಂಗಸು ಕೇಳಿದರು. ಅವನು ಹೊರಗೆ ಬಂದು ಚುರುಮುರಿಯ ಡಬ್ಬಿ ನನಗೆ ಕೊಡುತ್ತಾ, "ಅದಕ್ಕ ನನಗ ಉತ್ತರಽ ಬರ್ಲಿಲ್ಲ ಅಕ್ಕಾ," ಎಂದ. ಹೇಳಿದೆನಲ್ಲ, ಪಾಪದವನು.

ಹಿಂದಕ್ಕೆ ಬರುವಾಗ ಬಸ್ಸಿನಲ್ಲಿ ಅವಳು ಮೂರು ಸಲ ಸೀಟು ಬದಲಿಸಿದಳು. ಆಮೇಲಿನ ದಿನಗಳಲ್ಲಿ ಆಫೀಸಿಗೂ ಹೋಗಲಿಲ್ಲ, ಸುಮ್ಮನೆಯೂ ಇರಲಿಲ್ಲ. ಅಟ್ಟ ಗುಡಿಸಿದಳು, ಹೊಲಿಗೆ ಮಿಷನ್ ಬಿಚ್ಚಿ ಜೋಡಿಸಿದಳು, ಫೋನು ಬಂದಾಗಲೆಲ್ಲ ಹಿಟ್ಟಿನ ಕೈಯಲ್ಲೇ ಓಡಿದಳು. ಪುಣೆಯಿಂದ ಸುದ್ದಿಯಿಲ್ಲ. ಮಾವನಿಂದ ಮಾತಿಲ್ಲ.

ಎಳ್ಳಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲೇ ಉಣ್ಣುವುದು. ನಿಲಂಗಾದವರ ಹೊಲಕ್ಕೆ ನಮ್ಮನ್ನೂ ಕರೆದಿದ್ದರು. ಜೋಳದ ಬೆಳೆ ನಡುವೆ ಪೂಜೆ ಮುಗಿಸಿ, ಬೇವಿನ ಗಿಡದ ನೆರಳಲ್ಲಿ ಗಂಡಸರು ಊಟಕ್ಕೆ ಕೂತರು. ನಾವು ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ ಬಡಿಸುತ್ತಿದ್ದೆವು. ಎಳ್ಳಮಾವಾಸ್ಯೆ ಎಂದರೆ ಏನೆಂದು ಪುಣೆಯವರಿಗೆ ಗೊತ್ತಿಲ್ಲ, ಹಾಗಾಗಿ ಅವರ ಫೋನು ಆಗಲೇ ಬಂತು. ಮನೀಷಾ ಭಜ್ಜಿಯ ಪಾತ್ರೆ ನನ್ನ ಕೈಗೆ ಕೊಟ್ಟು ಜೋಳದ ಸಾಲಿನೊಳಗೆ ಹೋದಳು. ಹೊರಗೆ ಬಂದಾಗ ಕಣ್ಣು ತುಂಬಿತ್ತು.

"ಕೊಟ್ರು ವೈನಿ. ಪೂರಾ."

ನಾನು ಪಾತ್ರೆ ಕೆಳಗಿಟ್ಟು ಅವಳನ್ನು ಅಪ್ಪಿಕೊಂಡೆ. ಗುರುಲಿಂಗ ಊಟದ ಕೈಯಲ್ಲೇ ಎದ್ದು ನಿಂತ. ನಮ್ಮ ಮಾವನವರು ಇಷ್ಟಲಿಂಗಕ್ಕೆ ಕೈ ಮುಗಿದರು. ಮಾಣಿಕಪ್ಪನವರು ಮಾತ್ರ ತಲೆ ಎತ್ತಲಿಲ್ಲ. ತಟ್ಟೆ ನೋಡುತ್ತಲೇ ಅಷ್ಟು ದಿನದ ನಂತರ ಮೊದಲ ಮಾತಾಡಿದರು.

"ಮನೀಷಾ, ಮೊನ್ನಿ ಪ್ಯಾಟ್ಯಾಗ ಒಬ್ಬಾಂವ ಕೇಳ್ದ, ನಿಮ್ಮ ಸೊಸಿ ಅಲ್ಲಿ ಏನ ಕೆಲಸ ಮಾಡ್ತಾಳಂತ. ನನಗ ಹೇಳ್ಲಿಕ್ಕ ಬರ್ಲಿಲ್ಲ. ಏನ ಮಾಡ್ತಿ ನೀ?"

ಅವಳು ಹೇಳಿದಳು. ಯಾರು ಎಲ್ಲಿಗೆ ಹೋಗಬೇಕು ಎಂದು ಹೇಳುವುದು, ಹೋದಲ್ಲಿ ಕೆಟ್ಟರೆ ತಾನು ಹೋಗಿ ನಿಲ್ಲುವುದು, ಯಾವ ವ್ಯಾಪಾರಿಗೆ ಯಾವುದು ಬೇಕು ಎಂದು ಪುಣೆಗೆ ತಿಳಿಸುವುದು, ಹೊಸಬರಿಗೆ ಕಲಿಸುವುದು. ಹಿಂದಿನ ಇಬ್ಬರ ಕಾಲ, ಸಂದರ್ಶನದಲ್ಲಿ ಕೊಡಲು ಬಂದ ಅರ್ಧ, ಎಲ್ಲ ಹೇಳಿದಳು. ಹೊಲದ ನಡುವೆ ನಿಂತು, ಸೌಟು ಕೈಯಲ್ಲಿ ಹಿಡಿದು.

ಮಾಣಿಕಪ್ಪನವರಿಗೆ ಈಗ ಸಿಟ್ಟು ಬಂತು, ಸೊಸೆಯ ಪರವಾಗಿ. "ಅಂದ್ರ ಇಷ್ಟ ವರ್ಷ ದುಕಾನ ನಡಿಸಿದಾಕಿ ನೀ, ಗಾದಿ ಮ್ಯಾಲ ಕೂತಾಂವ ಬ್ಯಾರೆ. ಹಂಗ ಎಲ್ಲೆರ ನಡೀತದೇನು?"

"ನಡೀತದ," ಎಂದರು ಲಲಿತಾಬಾಯಿ.

ಎಲ್ಲರೂ ಅವರತ್ತ ನೋಡಿದೆವು. ಅವರು ರೊಟ್ಟಿಯ ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡುತ್ತಿದ್ದರು. "ಸೂರತದ ಮಾಲ ಆರಸೂದು ನಾನು. ದರಾ ಹಚ್ಚೂದು ನಾನು. ಯಾರಿಗಿ ಉದ್ರಿ ಕೊಡಬೇಕು, ಯಾರಿಗಿ ಕೊಡಬಾರ್ದು ಅನ್ನೂದು ನಾನು. ನಮ್ಮ ದುಕಾನದಾಗ ಮೂವತ್ತ ವರ್ಷ ನಡದದ."

ಮಾಣಿಕಪ್ಪನವರ ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗಲಿಲ್ಲ, ತಟ್ಟೆಗೂ ಬರಲಿಲ್ಲ. ಲಲಿತಾಬಾಯಿ ಬಾಗಿ ಅವರ ತಟ್ಟೆಗೆ ಒಂದು ಸೌಟು ಭಜ್ಜಿ ಹಾಕಿ, "ಉಣ್ರಿ, ಆರ್ತದ," ಎಂದರು.